ಕುಷ್ಠದ ದಂಡಾಣುವೂ ಜೀವಕೋಶದ ಸ್ವಭಕ್ಷಣವೂ

ಚಾಮರಾಜನಗರದಿಂದ ತೆಂಕಣಕ್ಕೆ, ಸತ್ಯಮಂಗಲದ ಕಡೆಗೆ, ಹೊರಡುವ ಹೆದ್ದಾರಿಯು ಪುಣಜನೂರಿನಲ್ಲಿ ಅರಣ್ಯ ಇಲಾಖೆಯ ಠಾಣೆಯನ್ನು ದಾಟಿ ಕಾಡನ್ನು ಹೊಗುತ್ತದೆ. ಅಲ್ಲಿಂದ ಮುಂದೆ ಕನ್ನಡನಾಡಿನ ಎಲ್ಲೆ ಮುಗಿದು ತಮಿಳುನಾಡಿನ ಆಸನೂರು, ದಿಂಬಂಗಳ ಘಟ್ಟದ ದಾರಿ ಮೊದಲಾಗುವುದು. ಪುಣಜನೂರಿನಿಂದ ಮೂಡಣಕ್ಕೂ ಬಡಗಣಕ್ಕೂ ಹಬ್ಬಿರುವುದು ಬಿಳಿಗಿರಿರಂಗನ ಬೆಟ್ಟದ ಸಾಲು. ಆ ಸಾಲಿನ ಪಡುವಣ ತಪ್ಪಲಿನ ಬಯಲಿನಲ್ಲಿದೆ ಯಳಂದೂರು. ಷಡಕ್ಷರದೇವನ ಮಠವಿದ್ದ ಊರೆಂದೂ ಸಂಚಿಯ ಹೊನ್ನಮ್ಮನ ಊರೆಂದೂ ಸಾಹಿತ್ಯಾಭ್ಯಾಸಿಗಳು ಬಲ್ಲ ಈ ಸ್ಥಳವು ವೈದ್ಯದ ಚರಿತ್ರೆಯಲ್ಲಿ ಬೇರೊಂದು ಕಾರಣದಿಂದ ಹೆಸರಾಗಿದೆ. ಡಾಕ್ಟರ್ ಎಚ್. ಸುದರ್ಶನ್ ಅವರು ಬೆಟ್ಟದ ಸೋಲಿಗರ ನಡುವೆ ೧೯೮೧ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ನೆಲೆಗೊಳಿಸಿದರು. ಬಯಲಿನ ಹಳ್ಳಿಗಳಲ್ಲಿ ಕುಷ್ಠರೋಗವು ವಿಶೇಷವಾಗಿ ಹರಡಿದ್ದುದನ್ನು ಕಂಡು ೧೯೮೬ರಲ್ಲಿ ಕರುಣಾ ಟ್ರಸ್ಟ್ ಎಂಬ ಸಂಸ್ಥೆಯು ಯಳಂದೂರಿನಲ್ಲಿ ಹುಟ್ಟಿತು. ಆಗ ಯಳಂದೂರು ಮೈಸೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಜಿಲ್ಲೆ ಏರ್ಪಟ್ಟುದು ೧೯೯೭ರಲ್ಲಿ.

ಆ ಸಂಸ್ಥೆಯು ಪ್ರಕಟಿಸಿದ ಲೆಕ್ಕದಂತೆ ೧೯೮೭ರಲ್ಲಿ ಯಳಂದೂರು ತಾಲ್ಲೂಕಿನ ಸಾವಿರ ಜನರಲ್ಲಿ ೨೧.೪ ಜನ ಕುಷ್ಠರೋಗಿಗಳಿದ್ದರು. ಎಂದರೆ ಐವತ್ತು ಮಂದಿ ಇರುವ ಒಂದು ಕೇರಿಯಲ್ಲಿ ಒಬ್ಬರಿಗಾದರೂ ಈ ರೋಗವಿದ್ದಿತೆಂದು ತಿಳಿಯಬಹುದು. ಈ ಅಂಕಿಯನ್ನು ತಿರುಗಿಸಿ ನೋಡಿದರೆ ಇನ್ನೊಂದು ಸಂಗತಿ ತೋರುತ್ತದೆ. ಅದೇ ಕೇರಿಯ ಉಳಿದ ನಾಲ್ವತ್ತೊಂಬತ್ತು ಮಂದಿ ಅದೇ ಗಾಳಿಯನ್ನು ಉಸಿರಾಡಿದವರು, ಅದೇ ಬಾವಿಯ ನೀರನ್ನು ಕುಡಿದವರು, ಕೆಲವರು ರೋಗಿಯೊಡನೆ ಒಂದೇ ಮಾಡಿನ ಕೆಳಗೆ ಮಲಗಿದವರು. ಅವರಿಗೆ ರೋಗ ಬರಲಿಲ್ಲ. ಬಂದವರಲ್ಲಿಯೂ ಒಬ್ಬನಿಗೆ ತೋಳಿನ ಮೇಲೆ ಸ್ಪರ್ಶಜ್ಞಾನವಿಲ್ಲದ ಒಂದೇ ಒಂದು ಮಚ್ಚೆ, ಇನ್ನೊಬ್ಬನಿಗೆ ಮುಖವೆಲ್ಲ ಊದಿ ಹುಬ್ಬಿನ ಕೂದಲು ಉದುರಿ ಕಿವಿಯ ಹಾಲೆ ದಪ್ಪಗಾಗುವ ಸ್ಥಿತಿ. ಅವನಿಗೇ ಏಕೆ, ಇವನಿಗೆ ಏಕಿಲ್ಲ? ರೋಗದಷ್ಟೇ ಹಳೆಯದಾದ ಈ ಪ್ರಶ್ನೆಗೆ ಭರತಖಂಡದ ಗ್ರಂಥಗಳು ಕೊಟ್ಟ ಉತ್ತರವೂ, ಜೀವಕೋಶದೊಳಗಣ ‘ಸ್ವಭಕ್ಷಣ’ ಕ್ರಿಯೆಯ ಶೋಧನೆಯಿಂದ ಈಚೆಗೆ ದೊರೆಯುತ್ತಿರುವ ಉತ್ತರವೂ ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡತಕ್ಕವಾಗಿವೆ.

ಮೊದಲು ಶಬ್ದದ ವಿಚಾರ. ಅಥರ್ವವೇದದಲ್ಲಿ ‘ಕುಷ್ಠ’ವೆಂಬುದು ರೋಗದ ಹೆಸರಲ್ಲ, ತಕ್ಮನ್ ಎಂಬ ಜ್ವರವನ್ನು ಓಡಿಸುವ ಒಂದು ಮೂಲಿಕೆಯ ಹೆಸರು. ಆಯುರ್ವೇದಸಂಹಿತೆಗಳ ಕಾಲಕ್ಕೆ ಅದೇ ಶಬ್ದವು ರೋಗವಾಚಕವಾಗಿ ನಿಂತಿತು. ಆದರೂ ಅದು ಒಂದೇ ರೋಗದ ಹೆಸರಾಗಿರಲಿಲ್ಲ. ಚರಕನು ಏಳು ಮಹಾಕುಷ್ಠಗಳನ್ನೂ ಹನ್ನೊಂದು ಕ್ಷುದ್ರಕುಷ್ಠಗಳನ್ನೂ ಹೇಳುವನು. ಈ ಹದಿನೆಂಟರಲ್ಲಿ ಇಂದಿನ ವೈದ್ಯರು ಕಜ್ಜಿ, ಹುಳುಕಡ್ಡಿ ಮುಂತಾದ ಬೇರೆ ಚರ್ಮರೋಗಗಳೆಂದು ಗುರುತಿಸುವಂಥವೂ ಸೇರಿವೆ. ಆದುದರಿಂದ ಹಳಗನ್ನಡ ಕಾವ್ಯದಲ್ಲಿಯೋ ಪುರಾಣದಲ್ಲಿಯೋ ‘ಕುಷ್ಠಿ’ ಎಂಬ ಮಾತು ಕಂಡಲ್ಲೆಲ್ಲ ಹ್ಯಾನ್ಸನ್ನನ ದಂಡಾಣುವನ್ನು ಕಾಣಹೊರಡುವುದು ಸಾಹಸವಾದೀತು. ಕನ್ನಡದ ‘ತೊನ್ನು’ ಎಂಬುದು ದಂಡಾಣುವಿಗೆ ಸಂಬಂಧವೇ ಇಲ್ಲದ ಬಿಳುಪಿನ ಹೆಸರು. ಆದರೂ ತೊನ್ನಿನವರು ಕುಷ್ಠಿಗಳ ಪಾಡನ್ನೇ ಪಟ್ಟ ಸಂದರ್ಭಗಳು ಕಡಮೆಯಲ್ಲ. ‘ಮಹಾರೋಗ’, ‘ದೊಡ್ಡ ರೋಗ’ ಎಂಬ ಜನರ ಮಾತುಗಳಲ್ಲಿ ಹೆಸರು ಹೇಳಲಂಜುವ ಭಯವೂ ಅಡಗಿದೆ.

ಕಾರಣದ ವಿಷಯದಲ್ಲಿ ಸುಶ್ರುತಸಂಹಿತೆಯ ನಿದಾನಸ್ಥಾನದ ಐದನೆಯ ಅಧ್ಯಾಯವು ಗಮನಾರ್ಹವಾದುದು. ಅಲ್ಲಿ ಎರಡು ಮತಗಳು ಬಳಿಬಳಿಯಲ್ಲೇ ಇವೆ. ಬ್ರಹ್ಮಹತ್ಯೆ, ಸ್ತ್ರೀಹತ್ಯೆ, ಪರಸ್ವಾಪಹರಣ ಮೊದಲಾದ ಪಾಪಕರ್ಮಗಳಿಂದ ಕುಷ್ಠವುಂಟಾಗುವುದೆಂಬುದು ಒಂದು. ಒಡನೆ ಮಲಗುವುದು, ಒಡನೆ ಉಣ್ಣುವುದು, ಉಸಿರು, ಬಟ್ಟೆ, ಗಂಧಮಾಲ್ಯಗಳ ಮೂಲಕ ಕುಷ್ಠ, ಜ್ವರ, ಶೋಷ, ಕಣ್ಣಿನ ಬೇನೆಗಳು ಒಬ್ಬರಿಂದೊಬ್ಬರಿಗೆ ಸಂಕ್ರಮಿಸುವುವೆಂಬುದು ಇನ್ನೊಂದು. ಎರಡನೆಯದು ಸೂಕ್ಷ್ಮದೃಷ್ಟಿಯ ಫಲ. ಆದರೆ ಸಂಪರ್ಕದಿಂದಲೇ ರೋಗ ಬರುವುದಾದರೆ ಸಂಪರ್ಕವಿದ್ದ ಎಲ್ಲರಿಗೂ ಏಕೆ ಬರಲಿಲ್ಲವೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆ ತೆರಪನ್ನು ಮೊದಲನೆಯ ಮತವು ತುಂಬಿತೆಂದು ತೋರುತ್ತದೆ. ಒಬ್ಬನನ್ನೇ ಆರಿಸಿಕೊಳ್ಳುವ ರೋಗಕ್ಕೆ ಒಬ್ಬನದೇ ಆದ ಕಾರಣ ಬೇಕಾಯಿತು. ಪೂರ್ವಕರ್ಮವು ಅದನ್ನು ಒದಗಿಸಿತು. ಶಾಪದಿಂದ ಕುಷ್ಠಿಯಾಗಿ ಸೂರ್ಯಾರಾಧನೆಯಿಂದ ಗುಣಹೊಂದಿದ ಕೃಷ್ಣಪುತ್ರ ಸಾಂಬನ ಪುರಾಣಕಥೆ, ಸೂರ್ಯಶತಕವನ್ನು ರಚಿಸಿ ಕುಷ್ಠವನ್ನು ಕಳೆದುಕೊಂಡನೆಂಬ ಮಯೂರಕವಿಯ ಐತಿಹ್ಯ, ಇವೆರಡೂ ಈ ಮತದ ಸೌಮ್ಯವಾದ ಮುಖಗಳು. ಕ್ರೂರವಾದ ಮುಖವು ಧರ್ಮಶಾಸ್ತ್ರದಲ್ಲಿದೆ: ಕುಷ್ಠವಿರುವ ಕುಲದ ಕನ್ಯೆಯನ್ನು ವರಿಸಬಾರದೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ವಿಧಿಸುತ್ತದೆ. ಇದು ಹಳೆಯ ಮಾತಾಯಿತೆಂದು ತಳ್ಳಿಬಿಡುವಂತಿಲ್ಲ. ರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅವಕಾಶವಿತ್ತ ೧೮೯೮ರ ಬ್ರಿಟಿಷ್ ಶಾಸನವು ರದ್ದಾದುದು ೨೦೧೬ರಲ್ಲಿ. ವಿವಾಹವಿಚ್ಛೇದನಕ್ಕೆ ಕುಷ್ಠವು ಸಾಕಾದ ಕಾರಣವೆಂಬ ವಿಧಿಯು ೧೯೫೫ರ ಹಿಂದೂ ವಿವಾಹ ಶಾಸನದಿಂದ ತೊಲಗಿದುದು ೨೦೧೯ರಲ್ಲಿ.

ಯೂರೋಪಿನಲ್ಲಿಯೂ ಇದೇ ಗೊಂದಲವು ಬೇರೆ ವೇಷದಲ್ಲಿತ್ತು. ನಾರ್ವೆ ದೇಶದ ಬೆರ್ಗೆನ್ ನಗರದಲ್ಲಿ ಡಾನಿಯೆಲ್ಸನ್ ಎಂಬ ಮಹಾವೈದ್ಯನು ಕುಷ್ಠವು ವಂಶಪಾರಂಪರ್ಯವಾದುದೆಂದು ನಂಬಿದ್ದನು. ಅದನ್ನು ಪರೀಕ್ಷಿಸಲು ರೋಗಿಯ ಗಂಟಿನ ಅಂಶವನ್ನು ತನ್ನ ಮೈಗೇ ಚುಚ್ಚಿಕೊಂಡನು, ರೋಗ ಬರಲಿಲ್ಲ, ತನ್ನ ಮತವು ಸಿದ್ಧವಾಯಿತೆಂದುಕೊಂಡನು. ಅವನ ಅಳಿಯನಾದ ಗೆರ್ಹಾರ್ಡ್ ಆರ್ಮಾಯರ್ ಹ್ಯಾನ್ಸನ್ನನು ೧೮೭೩ರಲ್ಲಿ ಅದೇ ಬೆರ್ಗೆನ್ನಿನಲ್ಲಿ ರೋಗಿಗಳ ಅಂಗಾಂಶದೊಳಗೆ ಕಡ್ಡಿಯಂತಿರುವ ದಂಡಾಣುಗಳನ್ನು ಕಂಡು ಮಾವನ ಮತವನ್ನು ಉರುಳಿಸಿದನು. ಮನುಷ್ಯನ ದೀರ್ಘರೋಗವೊಂದಕ್ಕೆ ಸೂಕ್ಷ್ಮಜೀವಿಯನ್ನು ಕಾರಣವೆಂದು ತೋರಿಸಿದ ಮೊದಲಿಗರಲ್ಲಿ ಹ್ಯಾನ್ಸನ್ನನು ಒಬ್ಬನು. ಕಾಕನು ಕ್ಷಯದ ದಂಡಾಣುವನ್ನು ಸಾರಿದುದು ೧೮೮೨ರಲ್ಲಿ. ಈಗ ನೋಡಿದರೆ ಡಾನಿಯೆಲ್ಸನ್ನನ ಸಿದ್ಧಾಂತವು ತಪ್ಪು, ಅವನ ಪ್ರಯೋಗವು ನಿಜ. ದಂಡಾಣುವು ಮೈಯನ್ನು ಹೊಕ್ಕರೂ ಬಹುಪಾಲು ಜನರಿಗೆ ರೋಗವಾಗದೆಂಬುದನ್ನೇ ಅವನು ತಿಳಿಯದೆ ತೋರಿಸಿದ್ದನು. ಹ್ಯಾನ್ಸನ್ನನ ಗೆಲುವಿನಲ್ಲಿ ಈ ಸಂಗತಿ ಮರೆತುಹೋಯಿತು. ಲೋಕವು ದಂಡಾಣುವನ್ನು ಕಂಡು ರೋಗಿಗಳನ್ನು ದ್ವೀಪಗಳಿಗೂ ಆಶ್ರಮಗಳಿಗೂ ಅಟ್ಟಿತು. ಪಾಪಿಯೆನಿಸಿಕೊಂಡಿದ್ದವನು ಈಗ ಅಪಾಯಕಾರಿಯೂ ಆದನು.

ಹ್ಯಾನ್ಸನ್ನನು ಕಂಡುದರಲ್ಲಿ ಮುಖ್ಯವಾದ ಇನ್ನೊಂದು ಅಂಶವಿತ್ತು: ದಂಡಾಣುಗಳು ಜೀವಕೋಶಗಳ ಒಳಗೆ ಇದ್ದುವು. ಇದರ ವೈಚಿತ್ರ್ಯವು ತಿಳಿಯಬೇಕಾದರೆ ಮೆಚ್ನಿಕಾಫನ ಕೆಲಸವನ್ನು ನೆನೆಯಬೇಕು. ರಷ್ಯದ ಈ ಪ್ರಾಣಿಶಾಸ್ತ್ರಜ್ಞನು ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಮುಳ್ಳನ್ನು ಚುಚ್ಚಿ, ಅಲೆದಾಡುವ ಕೋಶಗಳು ಬಂದು ಆ ಮುಳ್ಳನ್ನು ಮುತ್ತುವುದನ್ನು ಕಂಡನು. ರಕ್ತದ ಕೆಲವು ಕೋಶಗಳು ಸೂಕ್ಷ್ಮಜೀವಿಗಳನ್ನು ನುಂಗಿ ಜೀರ್ಣಿಸಿ ಮೈಯನ್ನು ಕಾಯುವುವೆಂಬ ಅವನ ವಾದಕ್ಕೆ ೧೯೦೮ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಕುಷ್ಠದ ದಂಡಾಣುವೂ ಕ್ಷಯದ ದಂಡಾಣುವೂ ನುಂಗಲ್ಪಟ್ಟು ಸಾಯುವುದಿಲ್ಲ. ‘ಮ್ಯಾಕ್ರೊಫೇಜ್’ ಎಂಬ ಬೃಹದ್ಭಕ್ಷಕ ಕೋಶವೇ ಅವುಗಳ ಮನೆ. ಕಾವಲುಗಾರನ ಹೊಟ್ಟೆಯಲ್ಲಿ ಕಳ್ಳನು ಸಂಸಾರ ಹೂಡಿದಂತೆ.

ಇದು ಹೇಗೆ ಸಾಧ್ಯವೆಂಬುದಕ್ಕೆ ಮೊದಲ ಸುಳಿವು ದೊರೆತುದು ೧೯೭೧ರಲ್ಲಿ. ಲಂಡನ್ನಿನಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಡಾರ್ಸಿ ಹಾರ್ಟ್ ಎಂಬಿಬ್ಬರು ಕ್ಷಯದ ದಂಡಾಣುಗಳನ್ನು ಮ್ಯಾಕ್ರೊಫೇಜುಗಳಿಗೆ ಉಣಿಸಿ ನೋಡಿದರು. ಸಾಮಾನ್ಯವಾಗಿ ನುಂಗಿದ ವಸ್ತುವಿನ ಪೊಟ್ಟಣವು ‘ಲೈಸೊಸೋಮ್’ ಎಂಬ ಜೀರ್ಣರಸದ ಚೀಲದೊಡನೆ ಬೆರೆಯುವುದು. ಆಗ ಒಳಗಿನದು ಕರಗುವುದು. ಸತ್ತ ದಂಡಾಣುವಿದ್ದ ಪೊಟ್ಟಣಗಳು ಹಾಗೆಯೇ ಬೆರೆತುವು. ಬದುಕಿದ್ದ ದಂಡಾಣುವಿದ್ದವು ಬೆರೆಯಲಿಲ್ಲ. ಜೀವಂತ ದಂಡಾಣುವು ತನ್ನನ್ನು ಕೊಲ್ಲಬಂದ ಚೀಲವನ್ನು ಬಾಗಿಲಲ್ಲೇ ತಡೆಯುತ್ತಿತ್ತು.

ಆ ಜೀರ್ಣಚೀಲವನ್ನು ೧೯೫೫ರಲ್ಲಿ ಲೋಕಕ್ಕೆ ತಿಳಿಸಿದವನು ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ದ ದೂವ್. ಜೀವಕೋಶವು ಹೊರಗಿನಿಂದ ಬಂದುದನ್ನು ಮಾತ್ರವಲ್ಲದೆ ತನ್ನದೇ ಆದ ಹಳೆಯ, ಕೆಟ್ಟ ಭಾಗಗಳನ್ನೂ ಪೊರೆಯಲ್ಲಿ ಸುತ್ತಿ ಈ ಚೀಲಕ್ಕೆ ಒಪ್ಪಿಸುವುದೆಂಬುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದಿತು. ೧೯೬೩ರಲ್ಲಿ ಲಂಡನ್ನಿನ ಒಂದು ವಿದ್ವದ್ಗೋಷ್ಠಿಯಲ್ಲಿ ದ ದೂವನು ಇದಕ್ಕೆ ಗ್ರೀಕಿನ ‘ತಾನು’, ‘ತಿನ್ನು’ ಎಂಬೆರಡು ಶಬ್ದಗಳನ್ನು ಕೂಡಿಸಿ ‘ಆಟೊಫೇಜಿ’ ಎಂದು ಹೆಸರಿಟ್ಟನು. ಕನ್ನಡದಲ್ಲಿ ‘ಸ್ವಭಕ್ಷಣ’ವೆಂದರೆ ಅರ್ಥವು ತಪ್ಪುವುದಿಲ್ಲ. ಅದೇ ಯಂತ್ರವು ಒಳಹೊಕ್ಕ ಸೂಕ್ಷ್ಮಜೀವಿಯನ್ನು ಹಿಡಿದಾಗ ಪಂಡಿತರು ‘ಜೆನೊಫೇಜಿ’ ಎನ್ನುವರು. ಇದನ್ನು ‘ಪರಭಕ್ಷಣ’ವೆಂದರೆ ಹುಲಿ ಚಿರತೆಗಳ ನೆನಪಾಗುವುದರಿಂದ ‘ಅನ್ಯಭಕ್ಷಣ’ವೆಂಬುದು ಲೇಸೆಂದು ತೋರುತ್ತದೆ. ಹೆಸರು ಬಂದರೂ ಮೂವತ್ತು ವರ್ಷಗಳ ಕಾಲ ವಿಷಯವು ಮೂಲೆಯಲ್ಲಿಯೇ ಇದ್ದಿತು. ಜಪಾನಿನ ಯೋಷಿನೋರಿ ಒಸುಮಿಯು ಹಿಟ್ಟು ಹುದುಗಿಸುವ ಯೀಸ್ಟಿನ ಕೋಶಗಳನ್ನು ಹಸಿವಿಗೀಡುಮಾಡಿ, ೧೯೯೨ರಲ್ಲಿ ಈ ಕ್ರಿಯೆಯನ್ನು ಕಣ್ಣಿಗೆ ಕಾಣುವಂತೆ ಮಾಡಿ, ೧೯೯೩ರಲ್ಲಿ ಇದಕ್ಕೆ ಬೇಕಾದ ಜೀನುಗಳನ್ನು ಒಂದೊಂದಾಗಿ ಬೇರ್ಪಡಿಸಿದ ಮೇಲೆಯೇ ಇದು ಶಾಸ್ತ್ರವಾಯಿತು. ಅವನಿಗೆ ೨೦೧೬ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ರೋಗದ ಚರಿತ್ರೆಗೆ ಮುಖ್ಯವಾದ ವರ್ಷ ೨೦೦೪. ಆ ವರ್ಷ ಜಪಾನಿನ ನಾಕಾಗಾವಾ, ಯೋಷಿಮೋರಿ ಮೊದಲಾದವರು ಮಾನವಕೋಶವನ್ನು ಹೊಕ್ಕ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಗಳನ್ನು ಸ್ವಭಕ್ಷಣದ ಪೊರೆಗಳು ಸುತ್ತಿ ಕೊಲ್ಲುವುದನ್ನು ತೋರಿಸಿದರು. ಸ್ವಭಕ್ಷಣಕ್ಕೆ ಬೇಕಾದ ಜೀನನ್ನು ತೆಗೆದ ಕೋಶಗಳಲ್ಲಿ ಬ್ಯಾಕ್ಟೀರಿಯಗಳು ಉಳಿದುವು. ಅದೇ ವರ್ಷ ಅರ್ಜೆಂಟೀನ ಮತ್ತು ಅಮೆರಿಕಗಳ ಗುಟಿಯೆರೆಸ್, ಕೊಲೊಂಬೊ, ಡೆರೆಟಿಕ್ ಮೊದಲಾದವರು ಕ್ಷಯದ ದಂಡಾಣು ಹೊಕ್ಕ ಮ್ಯಾಕ್ರೊಫೇಜುಗಳನ್ನು ಪೋಷಕದ್ರವವಿಲ್ಲದೆ ಹಸಿಯಿಸಿದರು. ಹಸಿದ ಕೋಶದಲ್ಲಿ ಸ್ವಭಕ್ಷಣವು ಎಚ್ಚತ್ತಿತು; ೧೯೭೧ರಲ್ಲಿ ಕಂಡಿದ್ದ ಆ ತಡೆ ಮುರಿಯಿತು; ದಂಡಾಣುವು ಜೀರ್ಣಚೀಲಕ್ಕೆ ಬಿದ್ದಿತು.

ಇದರ ವಿಧಾನವು ಮುಂದಿನ ಹತ್ತು ವರ್ಷಗಳಲ್ಲಿ ತಕ್ಕಮಟ್ಟಿಗೆ ಬಯಲಾಯಿತು. ಬ್ಯಾಕ್ಟೀರಿಯವು ತಾನಿರುವ ಪೊಟ್ಟಣದ ಪೊರೆಯನ್ನು ಹರಿದರೆ, ಆ ಹರಿದ ಪೊರೆಯ ಒಳಮೈಯಲ್ಲಿದ್ದ ಸಕ್ಕರೆಯ ಎಳೆಗಳು ಹೊರಗೆ ಕಾಣುತ್ತವೆ. ಗ್ಯಾಲೆಕ್ಟಿನ್ ಎಂಬ ಪ್ರೋಟೀನು ಅವನ್ನು ಹಿಡಿಯುತ್ತದೆ. ಬೇರೆ ಪ್ರೋಟೀನುಗಳು ಬ್ಯಾಕ್ಟೀರಿಯಕ್ಕೆ ‘ಯುಬಿಕ್ವಿಟಿನ್’ ಎಂಬ ಸಣ್ಣ ತುಣುಕುಗಳನ್ನು ಅಂಟಿಸುತ್ತವೆ. ಕೋಶವು ತನ್ನಲ್ಲಿ ಕೆಟ್ಟುಹೋದ ವಸ್ತುವಿಗೆ, ಇದನ್ನು ತೆಗೆದುಹಾಕಬೇಕೆಂದು ಹಾಕುವ ಮುದ್ರೆಯೇ ಇದು. ಈ ಮುದ್ರೆಯನ್ನು ಒಂದು ಕೈಯಲ್ಲಿಯೂ ಬೆಳೆಯುತ್ತಿರುವ ಪೊರೆಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿಯುವ ಮಧ್ಯವರ್ತಿ ಪ್ರೋಟೀನುಗಳಿವೆ. ಇಮ್ಮಡಿ ಪೊರೆಯು ಬಟ್ಟಲಿನಂತೆ ಬೆಳೆದು, ಬಾಯಿ ಮುಚ್ಚಿ, ಸಂಪುಟವಾಗಿ, ಕೊನೆಗೆ ಜೀರ್ಣಚೀಲದೊಡನೆ ಬೆರೆಯುತ್ತದೆ. ಗಮನಿಸಬೇಕಾದುದೇನೆಂದರೆ ಇದು ಶತ್ರುವಿಗಾಗಿಯೇ ಕಟ್ಟಿದ ಆಯುಧವಲ್ಲ. ಮನೆಯ ಕಸ ತೆಗೆಯುವ ನಿತ್ಯದ ಏರ್ಪಾಡೇ ಸಮಯ ಬಂದಾಗ ಕಾವಲಿನ ಕೆಲಸವನ್ನೂ ಮಾಡುತ್ತದೆ.

ಪುಣಜನೂರಿನ ಸೀಮೆಯ ಸೋಲಿಗರಲ್ಲಿ ಇದಕ್ಕೊಂದು ಒಳ್ಳೆಯ ಉಪಮಾನವಿದೆ. ಬೇಸಗೆಗೆ ಮುಂಚೆ ಕಾಡಿನ ನೆಲದ ಒಣಗಿದೆಲೆಗಳಿಗೆ ಸಣ್ಣಗೆ ಹಚ್ಚುವ ‘ತರಗು ಬೆಂಕಿ’ಯು ಅವರ ಹಿಂದಿನ ವಾಡಿಕೆ. ಅದು ತರಗನ್ನು ಸುಡುವುದರೊಡನೆ, ನೆಲ್ಲಿಯ ಮರವನ್ನು ಹಿಂಡುವ ಬದನಿಕೆಯನ್ನೂ ಹತೋಟಿಯಲ್ಲಿಡುತ್ತಿತ್ತೆಂದು ಸೋಲಿಗರು ಹೇಳುವರು. ೧೯೭೪ರಲ್ಲಿ ಆ ಕಾಡು ವನ್ಯಧಾಮವಾಗಿ ಬೆಂಕಿಯು ನಿಷಿದ್ಧವಾದ ಮೇಲೆ ಬದನಿಕೆಯೂ ಲಂಟಾನವೂ ಹೆಚ್ಚಿದುವೆಂಬುದನ್ನು ಆ ಬೆಟ್ಟಗಳಲ್ಲಿ ಕೆಲಸಮಾಡಿದ ಪರಿಸರವಿಜ್ಞಾನಿಗಳೂ ಎತ್ತಿ ಹೇಳಿದ್ದಾರೆ. ಉಪಮಾನವು ಉಪಮಾನವೇ ಹೊರತು ಪ್ರಮಾಣವಲ್ಲ. ಆದರೂ ಕಸವನ್ನು ಕಳೆಯುವ ಕ್ರಿಯೆಯೇ ಪರಪುಷ್ಟವನ್ನೂ ಕಳೆಯುವುದೆಂಬ ವಿಷಯವು ಇದರಿಂದ ಮನಸ್ಸಿಗೆ ಹತ್ತುತ್ತದೆ.

ಈಗ ಕುಷ್ಠಕ್ಕೆ ಮರಳಬಹುದು. ಇದರ ದಂಡಾಣುವನ್ನು ಪ್ರಯೋಗಶಾಲೆಯ ಗಾಜಿನಲ್ಲಿ ಬೆಳೆಸಲು ಯಾರಿಂದಲೂ ಆಗಿಲ್ಲ. ಒಂದು ದಂಡಾಣುವು ಎರಡಾಗಲು ಸುಮಾರು ಎರಡು ವಾರ ಹಿಡಿಯುವುದು. ಅದು ಪರಾವಲಂಬನಕ್ಕೆ ಎಷ್ಟು ಒಗ್ಗಿಹೋಗಿದೆಯೆಂಬುದು ೨೦೦೧ರಲ್ಲಿ ಅದರ ಸಮಗ್ರ ಜೀನು ಪಾಠವನ್ನು ಓದಿದಾಗ ತಿಳಿದುಬಂದಿತು: ಪ್ರೋಟೀನುಗಳನ್ನು ಮಾಡಬಲ್ಲ ಜೀನುಗಳು ೧,೬೦೪, ಒಂದು ಕಾಲಕ್ಕೆ ಜೀನುಗಳಾಗಿದ್ದು ಈಗ ಮುರಿದುಬಿದ್ದಿರುವುವು ೧,೧೧೬. ಹಳೆಯ ಓಲೆಯ ಕಟ್ಟಿನಲ್ಲಿ ಹುಳು ತಿಂದ ಗರಿಗಳಂತೆ ಅವು ಉಳಿದುಕೊಂಡಿವೆ. ಹಾಗೆ ಮೊದಲು ಓದಲ್ಪಟ್ಟ ದಂಡಾಣುವಿನ ತಳಿಯು ತಮಿಳುನಾಡಿನ ರೋಗಿಯೊಬ್ಬರಿಂದ ಬಂದುದು. ಪುಣಜನೂರಿನ ಠಾಣೆಯ ಆಚೆಯ ನಾಡಿನ ಹೆಸರಿನಿಂದಲೇ ಅದು ಪಂಡಿತರಲ್ಲಿ ಪ್ರಸಿದ್ಧವಾಗಿದೆ.

ರೋಗಿಗಳ ನಡುವಣ ಭೇದವನ್ನು ರಿಡ್ಲಿ ಮತ್ತು ಜಾಪ್ಲಿಂಗ್ ಎಂಬುವರು ೧೯೬೬ರಲ್ಲಿ ಒಂದು ಸಾಲಿನಲ್ಲಿಟ್ಟು ತೋರಿಸಿದರು. ಸಾಲಿನ ಒಂದು ತುದಿಯಲ್ಲಿ, ಮಚ್ಚೆಗಳು ಕೆಲವೇ. ಅವುಗಳಲ್ಲಿ ದಂಡಾಣುವನ್ನು ಹುಡುಕಿದರೂ ಸಿಕ್ಕುವುದು ಕಷ್ಟ. ಇನ್ನೊಂದು ತುದಿಯಲ್ಲಿ, ಚರ್ಮದ ಒಂದು ಗ್ರಾಮಿನಲ್ಲಿ ನೂರು ಕೋಟಿಯಷ್ಟು ದಂಡಾಣುಗಳಿರಬಹುದು. ಮ್ಯಾಕ್ರೊಫೇಜುಗಳು ಅವುಗಳಿಂದ ತುಂಬಿ ನೊರೆಯಂತಾಗಿರುತ್ತವೆ. ದಂಡಾಣು ಎರಡು ಕಡೆಯೂ ಒಂದೇ. ಭೇದವಿರುವುದು ಅದನ್ನು ಬರಮಾಡಿಕೊಂಡ ದೇಹದಲ್ಲಿ.

ಆ ಭೇದದ ಒಂದು ಅಂಗವೆಂದರೆ ಸ್ವಭಕ್ಷಣವೆಂಬುದನ್ನು ೨೦೧೭ರಲ್ಲಿ ಬ್ರೆಜಿಲ್ಲಿನ ರಿಯೊ ದ ಜನೈರೊ ನಗರದ ಸಂಶೋಧಕರು ರೋಗಿಗಳ ಚರ್ಮದಿಂದಲೇ ತೋರಿಸಿದರು. ಕೆಲವೇ ದಂಡಾಣುಗಳಿದ್ದ ರೋಗಿಗಳ ಮಚ್ಚೆಯ ಕೋಶಗಳಲ್ಲಿ ಸ್ವಭಕ್ಷಣದ ಸಂಪುಟಗಳು ಹೇರಳವಾಗಿದ್ದುವು. ದಂಡಾಣು ತುಂಬಿದ ರೋಗಿಗಳ ಕೋಶಗಳಲ್ಲಿ ಆ ಕ್ರಿಯೆಯು ತಡೆದುನಿಂತಿತ್ತು. ಸ್ವಭಕ್ಷಣವನ್ನು ಆರಂಭಿಸುವ ‘ಬೆಕ್ಲಿನ್’ ಎಂಬ ಪ್ರೋಟೀನನ್ನು ಇನ್ನೊಂದು ಪ್ರೋಟೀನು ಅಪ್ಪಿ ಹಿಡಿದು ಬಿಡದೆ ಇದ್ದುದೇ ಅದಕ್ಕೆ ಕಾರಣವಾಗಿ ಕಂಡಿತು. ಸತ್ತ ದಂಡಾಣುವು ಕೋಶದಲ್ಲಿ ಸ್ವಭಕ್ಷಣವನ್ನೆಬ್ಬಿಸಿತು. ಬದುಕಿದ್ದುದು ಅದನ್ನು ಅಡಗಿಸಿತು. ೧೯೭೧ರ ಲಂಡನ್ನಿನ ಫಲವು ಬೇರೆಯ ರೋಗದಲ್ಲಿ, ಬೇರೆಯ ಮಾತಿನಲ್ಲಿ, ಮತ್ತೆ ಬಂದಂತಾಯಿತು. ಇಂಟರ್‌ಫೆರಾನ್ ಗ್ಯಾಮ ಎಂಬ ರಕ್ಷಕ ಸಂದೇಶದ್ರವ್ಯವನ್ನು ಸೇರಿಸಿದಾಗ ಈ ತಡೆಯು ತೆರೆಯಿತೆಂಬುದೂ ಅಲ್ಲಿಯೇ ವರದಿಯಾಗಿದೆ.

ಇದಕ್ಕೂ ಮುಂಚೆ ಬೇರೊಂದು ದಾರಿಯಿಂದ ಇದೇ ಊರಿಗೆ ಬಂದು ಸೇರಿದವರಿದ್ದರು. ವಿಯೆಟ್ನಾಮಿನ ಕುಷ್ಠಪೀಡಿತ ಕುಟುಂಬಗಳನ್ನು ಪರೀಕ್ಷಿಸಿದವರು ೨೦೦೪ರಲ್ಲಿ, ರೋಗಕ್ಕೆ ತುತ್ತಾಗುವುದಕ್ಕೂ ‘ಪಾರ್ಕಿನ್’ ಎಂಬ ಜೀನಿನ ನೆರೆಯ ಭಾಗಕ್ಕೂ ಸಂಬಂಧವನ್ನು ಕಂಡರು. ಆ ಜೀನು ಕಂಪವಾತದ ಜೀನೆಂದು ಜಪಾನಿನಲ್ಲಿ ೧೯೯೮ರಲ್ಲಿಯೇ ಗೊತ್ತಾಗಿತ್ತು. ಕೈ ನಡುಗುವ ರೋಗಕ್ಕೂ ಕೈ ಜೋಮುಹಿಡಿಯುವ ರೋಗಕ್ಕೂ ಏನು ನಂಟು? ಒಂಬತ್ತು ವರ್ಷ ಯಾರಿಗೂ ಹೊಳೆಯಲಿಲ್ಲ. ೨೦೧೩ರಲ್ಲಿ, ಪಾರ್ಕಿನ್ ಪ್ರೋಟೀನು ಕ್ಷಯದ ದಂಡಾಣುವಿಗೆ ಯುಬಿಕ್ವಿಟಿನ್ ಮುದ್ರೆಯನ್ನು ಹಾಕಿ ಅನ್ಯಭಕ್ಷಣಕ್ಕೆ ಒಪ್ಪಿಸುವ ಕೆಲಸಗಾರನೆಂದು ಅಮೆರಿಕದ ಸಂಶೋಧಕರು ತೋರಿಸಿದಾಗ ನಂಟು ತಿಳಿಯಿತು. ಕೆಟ್ಟುಹೋದ ಮೈಟೊಕಾಂಡ್ರಿಯಕ್ಕೆ ಮುದ್ರೆ ಹಾಕುವ ಕೈಯೇ ದಂಡಾಣುವಿಗೂ ಮುದ್ರೆ ಹಾಕುತ್ತಿತ್ತು. ಆದರೆ ವಿಯೆಟ್ನಾಮಿನಲ್ಲಿ ಕಂಡ ಜೀನುಭೇದಗಳು ಭಾರತೀಯ ರೋಗಿಗಳಲ್ಲಿ ಅಷ್ಟೇ ಬಲವಾಗಿ ಕಾಣಲಿಲ್ಲವೆಂದು ೨೦೦೬ರ ಒಂದು ಪರೀಕ್ಷೆ ತಿಳಿಸಿತು. ಒಂದು ಜೀನನ್ನು ಹಿಡಿದು ಇದೇ ಹಣೆಯ ಬರಹವೆನ್ನುವುದು ಪೂರ್ವಕರ್ಮಕ್ಕೆ ಹೊಸ ಬಟ್ಟೆ ತೊಡಿಸಿದಂತಾದೀತು.

ಈ ಕ್ಷೇತ್ರದಲ್ಲಿ ಎಲ್ಲವೂ ಇತ್ಯರ್ಥವಾಗಿಯೂ ಇಲ್ಲ. ೨೦೧೫ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವು, ಸ್ವಭಕ್ಷಣದ ಹಲವು ಜೀನುಗಳನ್ನು ತೆಗೆದರೂ ಕ್ಷಯವು ಹೆಚ್ಚಾಗಲಿಲ್ಲವೆಂದೂ ಒಂದು ಜೀನು ಮಾತ್ರ, ಅದೂ ಬೇರೊಂದು ಬಗೆಯಿಂದ, ಮುಖ್ಯವಾದುದೆಂದೂ ತೋರಿಸಿ ಹಿಂದಿನ ಉತ್ಸಾಹವನ್ನು ತಗ್ಗಿಸಿತು. ೨೦೨೩ರಲ್ಲಿ ಮಾನವ ಮ್ಯಾಕ್ರೊಫೇಜುಗಳ ಮೇಲೆ ನಡೆದ ಕೆಲಸವು ಸ್ವಭಕ್ಷಣದ ಜೀನುಗಳಿಲ್ಲದಿದ್ದರೆ ಕ್ಷಯದ 
ದಂಡಾಣುವು ಹೆಚ್ಚು ಬೆಳೆಯುವುದೆಂದು ಕಂಡು ಪಕ್ಷವನ್ನು ಮತ್ತೆ ಎತ್ತಿಹಿಡಿಯಿತು. ಕನ್ನಡನಾಡಿನಲ್ಲಿಯೂ ಈ ವಿದ್ಯೆ ಬೇರೂರಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಸ್ವಭಕ್ಷಣ ಪ್ರಯೋಗಶಾಲೆಯಿಂದ, ಅಕಾಸೆಟಿನ್ ಎಂಬ ಸಸ್ಯಮೂಲದ ಪದಾರ್ಥವು ಸಾಲ್ಮೊನೆಲ್ಲ ಬ್ಯಾಕ್ಟೀರಿಯವು ಅಡಗಿಸಿದ ಅನ್ಯಭಕ್ಷಣವನ್ನು ಮರಳಿ ಎಬ್ಬಿಸುವುದೆಂಬ ಪ್ರಬಂಧವು ೨೦೨೦ರಲ್ಲಿ ಹೊರಬಂದಿತು. ಬ್ಯಾಕ್ಟೀರಿಯವನ್ನು ನೇರವಾಗಿ ಕೊಲ್ಲದೆ ಕೋಶವನ್ನೇ ಎಚ್ಚರಿಸುವ ಈ ಉಪಾಯವು, ಔಷಧಗಳಿಗೆ ಬ್ಯಾಕ್ಟೀರಿಯಗಳು ಬಗ್ಗದಿರುವ ಕಾಲದಲ್ಲಿ, ಪರಿಶೀಲನಾರ್ಹವಾದುದು. ಇದು ಇನ್ನೂ ರೋಗಿಗೆ ಕೊಡುವ ಔಷಧವಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯವಾಗಿದೆ. ಹಸಿದ ಕೋಶದಲ್ಲಿ ಸ್ವಭಕ್ಷಣವು ಎಚ್ಚರಗೊಳ್ಳುವುದೆಂಬ ಮಾತನ್ನು ಹಿಡಿದು, ಏಕಾದಶಿಯ ಉಪವಾಸದಿಂದ ರೋಗಗಳು ನಿವಾರಣೆಯಾಗುವುವೆಂದು ನೊಬೆಲ್ ಪಾರಿತೋಷಕದ ಸಾಕ್ಷ್ಯದೊಡನೆ ಬರೆಯುವವರು ೨೦೧೬ರಿಂದೀಚೆಗೆ ಬಹಳವಾಗಿದ್ದಾರೆ. ಗಾಜಿನ ತಟ್ಟೆಯ ಕೋಶಕ್ಕೆ ಕೆಲವು ಗಂಟೆ ಪೋಷಕದ್ರವವನ್ನು ತಪ್ಪಿಸುವುದು ಬೇರೆ. ಕೂಲಿಯವನ ಹೊಟ್ಟೆ ವರ್ಷಗಟ್ಟಲೆ ಬರಿದಾಗಿರುವುದು ಬೇರೆ. ಮಂಗಳೂರಿನ ಯೇನೆಪೋಯ ವೈದ್ಯಕಾಲೇಜಿನ ವೈದ್ಯರ ಮುಂದಾಳುತನದಲ್ಲಿ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕ್ಷಯರೋಗಿಗಳ ಮನೆಯವರಿಗೆ ಹೆಚ್ಚಿನ ಆಹಾರಧಾನ್ಯವನ್ನು ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ ಸುಮಾರು ನಾಲ್ವತ್ತರಷ್ಟು ಕಡಮೆಯಾಯಿತು. ದಂಡಾಣುವನ್ನು ಎದುರಿಸಲು ಮನೆಯಲ್ಲಿ ಅಕ್ಕಿಬೇಳೆ ಇರಬೇಕು.

ಯಳಂದೂರಿನಲ್ಲಿ ರೋಗ ಇಳಿದುದು ಸ್ವಭಕ್ಷಣದ ವಿದ್ಯೆಯಿಂದಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ೧೯೮೭ರಲ್ಲಿ ಆ ವಿದ್ಯೆಯೇ ಇರಲಿಲ್ಲ. ಇದ್ದುದು ಮೂರು ಔಷಧಗಳ ಕೂಟ. ಸುಶ್ರುತನು ಹೇಳಿದ ತುವರಕದ ಬೀಜದ ಎಣ್ಣೆ, ಅದರ ಬಂಧುವಾದ ಚಾಲ್ಮೂಗ್ರ ಎಣ್ಣೆ, ಇವೇ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಮುಖ್ಯ ಮದ್ದುಗಳಾಗಿದ್ದುವು. ಆಮೇಲೆ ಡ್ಯಾಪ್ಸೋನ್ ಬಂದಿತು. ಒಂದೇ ಔಷಧವನ್ನು ವರ್ಷಗಟ್ಟಲೆ ಕೊಟ್ಟುದರಿಂದ ದಂಡಾಣುವು ಅದಕ್ಕೆ ಬಗ್ಗದಾಯಿತು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರಿಫಾಂಪಿಸಿನ್, ಕ್ಲೊಫಾಜಿಮಿನ್, ಡ್ಯಾಪ್ಸೋನ್‌ಗಳನ್ನು ಒಟ್ಟಿಗೆ ಕೊಡಬೇಕೆಂದಿತು. ಔಷಧವಿದ್ದರೆ ಸಾಲದು, ರೋಗಿ ಸಿಕ್ಕಬೇಕು. ಮನೆಮನೆಗೆ ಹೋಗಿ, ಅಂಗಿ ತೆಗೆಸಿ ಮೈಯ ಮಚ್ಚೆಗಳನ್ನು ನೋಡಿ, ಹತ್ತಿಯ ಎಳೆಯಿಂದ ಸ್ಪರ್ಶಜ್ಞಾನವನ್ನು ಪರೀಕ್ಷಿಸುವ ಕೆಲಸಗಾರರಿಲ್ಲದೆ ಈ ರೋಗವು ಎಲ್ಲಿಯೂ ಇಳಿದುದಿಲ್ಲ. ಮಗಳ ಮದುವೆಗೆ ಅಡ್ಡಿಯಾದೀತೆಂದು ಮಚ್ಚೆಯನ್ನು ಮುಚ್ಚಿಡುವ ತಾಯಿಯ ಮುಂದೆ ಮನುವೂ ಸುಶ್ರುತನೂ ಅವರ ಹೆಸರನ್ನೇ ಕೇಳದವರ ಬಾಯಿಂದ ಮಾತನಾಡುತ್ತಿದ್ದರು.

ಸಂಸ್ಥೆಯ ಲೆಕ್ಕದಂತೆ ೨೦೦೫ರ ಹೊತ್ತಿಗೆ ಸಾವಿರಕ್ಕೆ ೨೧.೪ ಎಂಬುದು ೦.೨೮ಕ್ಕೆ ಇಳಿಯಿತು. ದೊಡ್ಡ ಸಾಧನೆಯೇ ಸರಿ. ಆದರೂ ಅಂಕಿಯನ್ನು ಎಚ್ಚರದಿಂದ ಓದಬೇಕು. ಈ ಅಂಕಿಯು ಆ ಹೊತ್ತಿನಲ್ಲಿ ಔಷಧ ತೆಗೆದುಕೊಳ್ಳುತ್ತಿರುವವರ ಸಂಖ್ಯೆ. ದಂಡಾಣು ಹೆಚ್ಚಿರುವವರಿಗೆ ಔಷಧದ ಅವಧಿಯನ್ನು ಇಪ್ಪತ್ತನಾಲ್ಕು ತಿಂಗಳಿಂದ ಹನ್ನೆರಡಕ್ಕೆ ಇಳಿಸಿದಾಗ, ಹೊಸ ರೋಗಿಗಳು ಅಷ್ಟೇ ಇದ್ದರೂ, ಪಟ್ಟಿಯು ತಾನಾಗಿಯೇ ಕುಗ್ಗಿತು. ಇನ್ನೊಂದು ಮಾತು. ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಮೆಯಾದರೆ ರೋಗ ‘ನಿರ್ಮೂಲ’ವೆಂಬುದು ಒಪ್ಪಿತವಾದ ಮಿತಿ. ೨೦೦೫ರ ಡಿಸೆಂಬರಿನಲ್ಲಿ ಭಾರತ ದೇಶವು ಒಟ್ಟಿನಲ್ಲಿ ೦.೯೫ಕ್ಕೆ ಬಂದು ಆ ಮಿತಿಯನ್ನು ದಾಟಿತೆಂದು ಸಾರಲಾಯಿತು. ಅದೇ ವರ್ಷ ಯಳಂದೂರಿನ ಅಂಕಿಯು, ಹತ್ತು ಸಾವಿರಕ್ಕೆ ಲೆಕ್ಕಹಾಕಿದರೆ, ೨.೮. ಇಷ್ಟು ದುಡಿದ ತಾಲ್ಲೂಕೇ ಮಿತಿಯ ಮೇಲಿರುವಾಗ ದೇಶವು ಕೆಳಗೆ ಬಂದಿತೆಂಬುದು, ಸರಾಸರಿಯ ಲೆಕ್ಕವು ಏನನ್ನು ಮುಚ್ಚಬಲ್ಲುದೆಂಬುದಕ್ಕೆ ಉದಾಹರಣೆ.

ಔಷಧದ ಚರಿತ್ರೆಯೂ ಜೀವಕೋಶದ ಚರಿತ್ರೆಯೂ ಕೂಡುವ ಸ್ಥಳವೊಂದಿದೆ. ರಿಫಾಂಪಿಸಿನ್ನಿನ ಒಂದೇ ಸಲದ ಪ್ರಮಾಣವು ಬದುಕಿರುವ ದಂಡಾಣುಗಳಲ್ಲಿ ಬಹುಪಾಲನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಆದರೆ ಸತ್ತ ದಂಡಾಣುವಿನ ಮೇಣದಂಥ ದೇಹವು ಮಾಯವಾಗುವುದಿಲ್ಲ. ಚರ್ಮದ ಲೇಪವನ್ನು ಪರೀಕ್ಷಿಸಿ ಆರರವರೆಗೆ ಅಂಕವಿಡುವ ಪದ್ಧತಿಯಲ್ಲಿ, ಚಿಕಿತ್ಸೆಯ ಅನಂತರ ವರ್ಷಕ್ಕೆ ಒಂದು ಅಂಕ ಅಥವಾ ಅದಕ್ಕೂ ಕಡಮೆ ಇಳಿಯುತ್ತದೆ. ಐದು ಅಂಕದ ರೋಗಿಯು ಹನ್ನೆರಡು ತಿಂಗಳಲ್ಲಿ ಔಷಧ ಮುಗಿಸಿ ಪಟ್ಟಿಯಿಂದ ಹೊರಬಿದ್ದ ಮೇಲೆಯೂ ಅವನ ಕೋಶಗಳು ನಾಲ್ಕಾರು ವರ್ಷ ಹೆಣ ಹೊರುವ ಕೆಲಸವನ್ನು ಮಾಡುತ್ತಿರುತ್ತವೆ. ಈ ಅವಶೇಷಗಳನ್ನು ಕುರಿತು ದೇಹವು ಒಮ್ಮೊಮ್ಮೆ ಸಿಡಿದೆದ್ದು ನರಗಳು ಉರಿದು ಕೈಕಾಲು ಮಡಿಚಿಕೊಳ್ಳುವುದುಂಟು. ಗುಣವಾಯಿತೆಂದು ಬರೆಸಿಕೊಂಡವನಿಗೆ ಆಮೇಲೆ ಅಂಗವೈಕಲ್ಯ ಬರುವುದು ಹೀಗೆ. ಸರ್ಕಾರದ ಪಟ್ಟಿಗೆ ಅವನು ರೋಗಿಯಲ್ಲ. ಊರಿನ ಕಣ್ಣಿಗೆ ಅವನು ಇನ್ನೂ ಕುಷ್ಠಿ. ಕೊಲ್ಲುವುದನ್ನು ಮದ್ದು ಮಾಡಿತು. ತೆಗೆಯುವುದನ್ನು ಕೋಶವೇ ಮಾಡಬೇಕು. ಸತ್ತ ದಂಡಾಣುವಿನ ಎದುರಿಗೆ ಸ್ವಭಕ್ಷಣವು ಏಳುವುದೆಂಬ ೨೦೧೭ರ ಫಲವು ಈ ಕಡೆಗೆ ಒಂದು ಬೆಳಕು. ಅದನ್ನು ಚುರುಕುಗೊಳಿಸಿ ನರವನ್ನು ಉಳಿಸುವ ಉಪಾಯವು ಇನ್ನೂ ಕೈಗೆ ಬಂದಿಲ್ಲ.

೨೦೧೮ರಿಂದ ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ರೋಗಿ ಸಿಕ್ಕ ಮನೆಯ ಉಳಿದವರಿಗೂ ನೆರೆಯವರಿಗೂ ರಿಫಾಂಪಿಸಿನ್ನನ್ನು ಒಂದೇ ಒಂದು ಸಲ ಕೊಡುವ ಏರ್ಪಾಡು ಬಂದಿದೆ. ಇದಕ್ಕೆ ಆಧಾರವಾದ ಬಾಂಗ್ಲಾದೇಶದ ಪರೀಕ್ಷೆಯಲ್ಲಿ, ಹೀಗೆ ಕೊಟ್ಟಾಗ ಮೊದಲ ಎರಡು ವರ್ಷಗಳಲ್ಲಿ ಹೊಸ ರೋಗವು ನೂರಕ್ಕೆ ಐವತ್ತೇಳರಷ್ಟು ಕಡಮೆಯಾಯಿತು, ಎಳೆತನದಲ್ಲಿ ಬಿ.ಸಿ.ಜಿ. ಚುಚ್ಚಿಸಿಕೊಂಡಿದ್ದವರಲ್ಲಿ ಎಂಬತ್ತರಷ್ಟು. ಬಿ.ಸಿ.ಜಿ.ಯು ಮ್ಯಾಕ್ರೊಫೇಜಿನ ಪೂರ್ವಜವಾದ ಕೋಶಕ್ಕೆ ಕಲಿಸುವ ಪಾಠವು ಸ್ವಭಕ್ಷಣವಿಲ್ಲದೆ ಸಿದ್ಧಿಸದೆಂಬುದು ೨೦೧೪ರಲ್ಲಿ ಕಂಡುಬಂದಿತ್ತು. ಒಂದು ಮನೆಯಲ್ಲಿ ಒಬ್ಬನಿಗೆ ಮಚ್ಚೆ ಕಂಡ ದಿನ ಆರೋಗ್ಯ ಕಾರ್ಯಕರ್ತೆಯು ಅವನ ತಾಯಿ, ಹೆಂಡತಿ, ಮಕ್ಕಳು, ಪಕ್ಕದ ಮನೆಯವರು ಎಲ್ಲರ ಹೆಸರನ್ನೂ ಬರೆದುಕೊಂಡು, ಒಬ್ಬೊಬ್ಬರ ಮೈಯನ್ನೂ ನೋಡಿ, ಮಾತ್ರೆಯನ್ನು ಕೈಗಿತ್ತು ಎದುರಿಗೇ ನುಂಗಿಸುವಳು. ಎರಡು ವರ್ಷ ತುಂಬದ ಕೂಸನ್ನೂ ಬಸುರಿಯನ್ನೂ ಮಾತ್ರ ಸದ್ಯಕ್ಕೆ ಬಿಡುವಳು.